ಸ್ಟೇರಿಂಗ್ ಬಿಗಿಯಾಯ್ತು ಅಂತ ರ್ಯಾಕ್ ಬದಲಿಸಬೇಡಿ, ನಾನು ಬದಲಿಸಿ ಕೆಟ್ಟೆ

ಹಳೇ ಟ್ರಯಂಫ್ ಸ್ಪಿಟ್‌ಫೈರ್ ಅಥವಾ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇಟ್ಟುಕೊಂಡವರು ಇದನ್ನು ಓದಿ. ನನ್ನ 22 ಸಾವಿರ ಸುಮ್ನೆ ಹೋಯ್ತು.

ಮಳೆಗಾಲ ಪೂರ್ತಿ ನನ್ನ ಸ್ಪಿಟ್‌ಫೈರ್ ಕಾರವಾರದ ಮನೆಯ ಶೆಡ್ಡಿನಲ್ಲೇ ನಿಂತಿತ್ತು. ಹೊರಗೆ ತೆಗೆದರೆ ಸ್ಟೇರಿಂಗ್ ಕಲ್ಲಿನ ಹಾಗೆ. ಟೈರಿಗೆ ಗಾಳಿ ತುಂಬಿಸಿದೆ, ಏನೂ ಫರಕಾಗಲಿಲ್ಲ. ಹೆದ್ದಾರಿ ಪಕ್ಕದ ಒಂದು ಗ್ಯಾರೇಜಿಗೆ ಒಯ್ದೆ. ಹುಡುಗ ಕೂತಲ್ಲೇ ಎರಡು ಸಲ ಸ್ಟೇರಿಂಗ್ ತಿರುಗಿಸಿ, "ರ್ಯಾಕ್ ಹೋಗಿದೆ ಸರ್" ಅಂದ. ರ್ಯಾಕ್ ಅಂದರೆ ಸ್ಟೇರಿಂಗ್ ತಿರುಗಿಸಿದ್ದನ್ನು ಚಕ್ರಗಳಿಗೆ ಮುಟ್ಟಿಸುವ ಹಲ್ಲಿನ ಸರಳು. ಜಾಕ್ ಕೂಡ ಹಾಕಲಿಲ್ಲ. ನಾನೂ ಕೇಳಲಿಲ್ಲ.

ಮೂರು ವಾರ ಕಾದು ಬೇರೆ ರ್ಯಾಕ್ ಹಾಕಿಸಿದ್ದಾಯ್ತು. ಬಿಗಿ ಹಾಗೇ ಇತ್ತು. "ಹೊಸದಲ್ವಾ, ಓಡಿಸ್ತಾ ಸರಿಹೋಗುತ್ತೆ" ಅಂದರು. ನಂಬಿದೆ. ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತಿದೆ. ತಿರುವು ಮುಗಿದರೂ ಸ್ಟೇರಿಂಗ್ ತಾನಾಗಿ ವಾಪಸ್ ಬರುವುದೇ ಇಲ್ಲ, ತಿರುಗಿಸಿದಲ್ಲೇ ನಿಲ್ಲುತ್ತದೆ. ಎರಡೂ ಕೈಯಲ್ಲಿ ಎಳೆದು ನೇರ ಮಾಡಬೇಕು. ಎದುರಿಗೆ ಬಸ್ಸು. ಶಿರಸಿ ಮುಟ್ಟುವಷ್ಟರಲ್ಲಿ ಅಂಗಿ ಒದ್ದೆ.

ಅಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಸಿಕ್ಕರು. ಒಂದು ಕಾಲದಲ್ಲಿ ಹೆರಾಲ್ಡ್ ರಿಪೇರಿ ಮಾಡಿದವರು. ಸ್ಪಿಟ್‌ಫೈರ್ ಹುಟ್ಟಿದ್ದೇ ಹೆರಾಲ್ಡ್ ಚಾಸಿಯಿಂದ, ಹಾಗಾಗಿ ಅವರಿಗೆ ಇದು ಗುರುತಿನ ಗಾಡಿ. ಬಾನೆಟ್ ಇಡಿಯಾಗಿ ಮುಂದಕ್ಕೆ ಮಗುಚಿದರು. ಮುಂದಿನ ಎರಡೂ ಚಕ್ರ ನೆಲ ಬಿಡುವಂತೆ ಎತ್ತಿ ಸ್ಟ್ಯಾಂಡ್ ಕೊಟ್ಟರು. ರ್ಯಾಕನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಎರಡನ್ನೂ ಬಿಡಿಸಿ, "ಈಗ ತಿರುಗಿಸು" ಅಂದರು. ಸ್ಟೇರಿಂಗ್ ಒಂದೇ ಬೆರಳಿಗೆ ತಿರುಗಿತು! ಆಮೇಲೆ ಚಕ್ರವನ್ನೇ ಹಿಡಿದು ಅಲ್ಲಾಡಿಸಿದರು. ಬಲಗಡೆಯದು ಹೇಗೋ ತಿರುಗಿತು. ಎಡಗಡೆಯದು ಕಿರ್ ಅಂತ ನಾಲ್ಕು ಬೆರಳಿನಷ್ಟು ಸರಿದು ನಿಂತಿತು.

"ತಮಾ, ರ್ಯಾಕು ಸರಿ ಇದ್ದು. ಇಲ್ಲಿ ನೋಡು."

ಟ್ರನಿಯನ್ ಅಂತ ಒಂದು ಭಾಗ ಇದೆ. ಚಕ್ರ ಹೊತ್ತ ಉಕ್ಕಿನ ಕಂಬದ ಕೆಳತುದಿಯಲ್ಲಿ ಸ್ಕ್ರೂವಿಗಿದ್ದಂಥ ಮರೆ (ಥ್ರೆಡ್) ಇರುತ್ತದೆ, ಅದು ಈ ಟ್ರನಿಯನ್ ಒಳಗೆ ಕೂತು ತಿರುಗುತ್ತದೆ. ಇದಕ್ಕೆ ಹಾಕಬೇಕಾದ್ದು ಗ್ರೀಸ್ ಅಲ್ಲ, ಇಪಿ 90 ಗೇರ್ ಆಯಿಲ್. ಗ್ರೀಸ್ ಗಟ್ಟಿಯಾಗಿ ಮರೆಯ ತುದಿವರೆಗೆ ಇಳಿಯುವುದಿಲ್ಲ, ನೀರು ಸೇರಿ ಒಳಗೇ ತುಕ್ಕು ಹಿಡಿಯುತ್ತದೆ. ಹಾಗೇ ಓಡಿಸಿದರೆ ಕಂಬ ಮುರಿದು ಚಕ್ರ ಮಡಚಿಕೊಳ್ಳಲೂಬಹುದು. ನನ್ನದನ್ನು ಬಿಚ್ಚಿದಾಗ ಒಣಗಿದ ಬೆಲ್ಲದಂಥ ಕಂದು ಮುದ್ದೆ ಬಂತು. ಅದರ ಮೇಲೊಂದು ಪದರ ಹೊಸ ಗ್ರೀಸ್. ಗ್ಯಾರೇಜಿನ ಬಿಲ್ಲಿನಲ್ಲಿ "ಗ್ರೀಸಿಂಗ್ 350" ಅಂತ ಇದ್ದದ್ದು ಇದೇ!

ಎಡಗಡೆಯ ಕಂಬ, ಟ್ರನಿಯನ್ ಎರಡೂ ಬದಲಿಸಬೇಕಾಯ್ತು. ನೀವು ತರಿಸುವುದಾದರೆ ಎಡ-ಬಲ ನೋಡಿಕೊಳ್ಳಿ, ಮರೆ ಒಂದಕ್ಕೊಂದು ಉಲ್ಟಾ ಇರುತ್ತದೆ. ಗ್ಯಾರೇಜಿನವರು ರ್ಯಾಕ್ ಅಂದರೆ, ಟೈ ರಾಡ್ ಬಿಡಿಸಿ ನಿಮ್ಮೆದುರೇ ತಿರುಗಿಸಿ ತೋರಿಸಲು ಹೇಳಿ. ಬಿಚ್ಚಿದ ಸಾಮಾನು ಅಂದೇ ಮನೆಗೆ ತನ್ನಿ. ನನ್ನ ಹಳೇ ರ್ಯಾಕ್ ವಾಪಸ್ ಕೇಳಲು ಹೋದರೆ, ಗುಜರಿಗೆ ಹಾಕಿಯಾಯ್ತು ಅಂದರು.