ಗೋಪ್ರೋ ಹೀರೋ 12 ಬ್ಲ್ಯಾಕ್: ಸ್ಲೋ ಮೋಷನ್‌ಗೆ ನನ್ನ ಓಟು 120ಕ್ಕೆ

ಈ ಕ್ಯಾಮೆರಾದಲ್ಲಿ ಸ್ಲೋ ಮೋಷನ್ ತೆಗೆಯಬೇಕು ಅಂದರೆ ಸುಮಾರು ಜನ ನೇರವಾಗಿ ಸೆಕೆಂಡಿಗೆ 240 ಫ್ರೇಮ್‌ಗೆ (ಅಂದರೆ 240 ಚಿತ್ರಗಳಿಗೆ) ಹೋಗುತ್ತಾರೆ. ದಯವಿಟ್ಟು ಸ್ವಲ್ಪ ತಡೆಯಿರಿ.

2023ರಲ್ಲಿ ಬಂದ ಹೀರೋ 12ರಲ್ಲಿ ಸೆಕೆಂಡಿಗೆ 60 ಫ್ರೇಮ್ ಬೇಕಾದರೆ 5.3ಕೆ ಅಳತೆಯ ಚಿತ್ರ ಸಿಗುತ್ತದೆ, 120ಕ್ಕೆ 4ಕೆ, 240ಕ್ಕೆ 2.7ಕೆ. ವೇಗ ಏರಿದಷ್ಟೂ ಚಿತ್ರದ ಅಳತೆ ಇಳಿಯುತ್ತದೆ. ನನಗೆ ತುಂಬಾ ಇಷ್ಟವಾದದ್ದು 4ಕೆ 120. ಎಡಿಟಿಂಗ್‌ನಲ್ಲಿ 24 ಫ್ರೇಮ್‌ನ ಟೈಮ್‌ಲೈನ್‌ಗೆ ಹಾಕಿದರೆ ಐದು ಪಟ್ಟು ನಿಧಾನ. ಸೈಕಲ್ ಜಿಗಿತ, ಸ್ಕೇಟ್‌ಬೋರ್ಡ್, ಓಡಿ ಬರುವ ನಾಯಿ, ಎಲ್ಲದಕ್ಕೂ ಇದು ಧಾರಾಳ ಸಾಕು, ಜೊತೆಗೆ ಫ್ರೇಮನ್ನು ಸ್ವಲ್ಪ ಕತ್ತರಿಸಿ ಹತ್ತಿರ ತರುವುದಕ್ಕೂ ಜಾಗ ಉಳಿಯುತ್ತದೆ. 240ರಲ್ಲಿ ಹತ್ತು ಪಟ್ಟು ನಿಧಾನ. ಅರ್ಧ ಸೆಕೆಂಡಿನ ಜಿಗಿತ ಐದು ಸೆಕೆಂಡ್ ಓಡುತ್ತದೆ. ನೀರು ಚಿಮ್ಮುವುದು, ಬಲೂನ್ ಒಡೆಯುವುದು, ಹೀಗೆ ಕಣ್ಣಿಗೇ ಸಿಗದ ಕ್ಷಣಗಳಿಗೆ ಅದು ಚೆಂದ, ಆದರೆ ಇಡೀ ಓಟವನ್ನೇ ಹಾಗೆ ಎಳೆದರೆ ನೋಡುವವರಿಗೆ ಸುಸ್ತಾಗುತ್ತದೆ ಅಲ್ವಾ? ಮಾತಾಡುವ ದೃಶ್ಯ, ನಡಿಗೆ, ಇವಕ್ಕೆ 60 ಸಾಕು.

ನಿಜವಾದ ತಲೆನೋವು ಬೆಳಕಿನದು. 240ರಲ್ಲಿ ಒಂದು ಫ್ರೇಮ್‌ಗೆ ಸಿಗುವ ಸಮಯ ಹೆಚ್ಚೆಂದರೆ 1/240 ಸೆಕೆಂಡ್. 60ರಲ್ಲಿ ಅದರ ನಾಲ್ಕು ಪಟ್ಟು. ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದು, ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಒಳಬರುವ ಕಿಂಡಿ) ಬದಲಿಸುವ ಹಾಗಿಲ್ಲ. ಹಾಗಾಗಿ ಬೆಳಕು ಕಮ್ಮಿಯಾದ ಕೂಡಲೇ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ) ಮೇಲೇರಿ ಚಿತ್ರವೆಲ್ಲ ಕಾಳುಕಾಳಾಗುತ್ತದೆ. ಬಿಸಿಲಿದ್ದರೆ ಯಾವ ಚಿಂತೆಯೂ ಇಲ್ಲ. ಮೋಡ ಕವಿದಾಗ ನಾನು 240 ಮುಟ್ಟುವುದೇ ಇಲ್ಲ.

ಒಳಾಂಗಣದಲ್ಲಿ ಇನ್ನೊಂದು ಕಾಟ, ಮಿನುಗು. 50 ಹರ್ಟ್ಸ್ ಕರೆಂಟ್ ಇರುವ ಕಡೆ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಬರಿಗಣ್ಣಿಗೆ ಗೊತ್ತಾಗಲ್ಲ, ಸ್ಲೋ ಮೋಷನ್‌ನಲ್ಲಿ ಪಟಪಟ ಅಂತ ಎದ್ದು ಕಾಣುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಂಟಿ-ಫ್ಲಿಕರ್ ಅನ್ನು 50 ಹರ್ಟ್ಸ್‌ಗೆ ಇಡಿ. ಆಗ 120 ಹೋಗಿ 100, 240 ಹೋಗಿ 200 ಬರುತ್ತದೆ. ಅಲ್ಲಿ 100 ಅನ್ನೇ ಆರಿಸಿ, ಪ್ರತಿ ಫ್ರೇಮ್‌ಗೂ ಒಂದೇ ಸಮ ಬೆಳಕು ಬೀಳುತ್ತದೆ. ಈ ಆಯ್ಕೆ ಕೊಟ್ಟಿರುವುದು ನನಗೆ ಬಹಳ ಮೆಚ್ಚಿಗೆಯಾಯಿತು.

ನಿಮ್ಮ ಕೆಲಸ ಜಾಸ್ತಿ ಮಂದ ಬೆಳಕಿನಲ್ಲೇ ಅಂದರೆ ಇದನ್ನು ಬಿಟ್ಟು ದೊಡ್ಡ ಸೆನ್ಸರ್‌ನ ಮಿರರ್‌ಲೆಸ್ ಕ್ಯಾಮೆರಾ (ಲೆನ್ಸ್ ಬದಲಿಸಬಹುದಾದದ್ದು) ನೋಡಿ, 4ಕೆ 120 ಕೊಡುವಂಥವು ಅದರಲ್ಲೂ ಇವೆ. ಹಗಲಲ್ಲಿ, ಕೆಸರಲ್ಲಿ, ನೀರಲ್ಲಿ ಶೂಟ್ ಮಾಡುವವರು ಮಾತ್ರ ಇದನ್ನೇ ತಗೊಳ್ಳಿ. ಬೇರೆ ಕವಚ ಇಲ್ಲದೆಯೇ 10 ಮೀಟರ್ ಆಳದ ತನಕ ಇಳಿಸಬಹುದು.