ಡಿ-ಅಡಿಕ್ಷನ್ ಪಿಜಿ ಡಿಪ್ಲೊಮಾಕ್ಕೆ ದುಡ್ಡು ಕಟ್ಟುವ ಮೊದಲು

ಎಂಎಸ್‌ಡಬ್ಲ್ಯೂ ಅಥವಾ ಸೈಕಾಲಜಿ ಮುಗಿಸಿ ಮುಂದೇನು ಎಂದು ನೋಡುತ್ತಿರುವ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯವರು ದಯವಿಟ್ಟು ಇದನ್ನು ಓದಿ. ವ್ಯಸನ ಮತ್ತು ಕೌನ್ಸೆಲಿಂಗ್‌ನಲ್ಲಿ ಪಿಜಿ ಡಿಪ್ಲೊಮಾ ಕೊಡುತ್ತೇವೆ ಎನ್ನುವ ಒಂದು ಸಂಸ್ಥೆಗೆ ಸೇರಿ, ಅರ್ಧಕ್ಕೆ ಬಿಟ್ಟು ಬಂದವಳು ನಾನು. ಹೆಸರು ಹೇಳುವುದಿಲ್ಲ. ಲಕ್ಷಣ ಹೇಳುತ್ತೇನೆ, ಗುರುತು ಹಿಡಿಯಲು ಅಷ್ಟು ಸಾಕು.

ಪಾಠದ ಬಗ್ಗೆ ದೊಡ್ಡ ದೂರಿಲ್ಲ. ಚಟ ಬಿಡುವವರು ದಾಟುವ ಹಂತಗಳ ಬಗ್ಗೆ ಪ್ರೊಚಾಸ್ಕ, ಡಿಕ್ಲೆಮೆಂಟೆ ಎಂಬ ಮನಶ್ಶಾಸ್ತ್ರಜ್ಞರು ಹೇಳಿದ್ದು, ಬದಲಾಗುವ ಮನಸ್ಸನ್ನು ಮಾತಿನಲ್ಲೇ ಹುಟ್ಟಿಸುವ ವಿಧಾನವೆಂದು ಮಿಲ್ಲರ್ 1983ರಲ್ಲಿ ಬರೆದ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್, 1935ರಲ್ಲಿ ಅಮೆರಿಕದಲ್ಲಿ ಶುರುವಾದ, ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್) ಗುಂಪು, ಎಲ್ಲ ಸ್ಲೈಡ್‌ನಲ್ಲಿತ್ತು. ಪಾಠ ಮಾಡುವವರು ಓದುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ತೊಂದರೆ ಶುರುವಾಗಿದ್ದು ಪ್ರಾಕ್ಟಿಕಲ್‌ಗೆ ಎಂದು ಕುಡಿತ ಬಿಡಿಸುವ ಸೆಂಟರ್‌ಗೆ ಕಳಿಸಿದ ಮೇಲೆ.

ಆಡಿಟ್ ಎಂದು, ಕುಡಿತ ಎಷ್ಟು ಅಪಾಯಕ್ಕೆ ಬಂದಿದೆ ಎಂದು ಅಳೆಯುವ ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಪಟ್ಟಿ ಇದೆ. ಎರಡನೇ ಪ್ರಶ್ನೆ, ಕುಡಿಯುವ ದಿನ ಎಷ್ಟು ಡ್ರಿಂಕ್ಸ್ ತೆಗೆದುಕೊಳ್ಳುತ್ತೀರಿ ಅಂತ. ಅಲ್ಲಿ ಒಂದು ಡ್ರಿಂಕ್ ಅಂದರೆ 10 ಗ್ರಾಂ ಆಲ್ಕೋಹಾಲ್. ನಮ್ಮ ಕಡೆ ಯಾರು ಹಾಗೆ ಲೆಕ್ಕ ಇಡುತ್ತಾರೆ? "ದಿನಾ ಎರಡು ಪ್ಯಾಕೆಟ್" ಎನ್ನುತ್ತಾರೆ. ಕರ್ನಾಟಕದ ಗಡಿ ದಾಟಿ ಕದ್ದು ಬರುವ 90 ಎಂಎಲ್ ಮದ್ಯದ ಪ್ಯಾಕೆಟ್. ಎರಡು ಎಂದೇ ಬರೆದರೆ ಅಂಕ ಸೊನ್ನೆ. ನಿಜಕ್ಕೂ ಅದು 180 ಎಂಎಲ್, ಅಂದರೆ ಸುಮಾರು ಆರು ಡ್ರಿಂಕ್. ಆಗ ಆ ಪ್ರಶ್ನೆಗೆ ಎರಡು ಅಂಕ. ಆರಕ್ಕಿಂತ ಕಡಿಮೆ ಇಲ್ಲದೆ ಎಷ್ಟು ಸಲ ಕುಡಿಯುತ್ತೀರಿ ಎನ್ನುವ ಮುಂದಿನ ಪ್ರಶ್ನೆಗೆ, ದಿನಾ ಆದ್ದರಿಂದ, ಪೂರ್ತಿ ನಾಲ್ಕು. ಎಂಟು ಮುಟ್ಟಿದರೇ ಅಪಾಯ ಎನ್ನುವ ಪಟ್ಟಿಯಲ್ಲಿ ಆರು ಅಂಕ ಹೀಗೆ ಮಾಯವಾಗುತ್ತದೆ! ಇದನ್ನು ಕೇಳಿದ್ದಕ್ಕೆ ಮೇಲಿನವರ ಉತ್ತರ: "ಸುಮ್ನೆ ಎರಡು ಅಂತ ಹಾಕಮ್ಮ, ಫೈಲ್ ತುಂಬಿದ್ರೆ ಸಾಕು." ಕೇಸ್ ಶೀಟ್ ತಿದ್ದುವವರೇ ಅಲ್ಲಿ ಇರಲಿಲ್ಲ. ಸಹಿ ಮಾತ್ರ ಒಟ್ಟಿಗೆ ಬೀಳುತ್ತಿತ್ತು.

ಒಬ್ಬರು ರಬ್ಬರ್ ಟ್ಯಾಪಿಂಗ್ ಮಾಡುವವರು ಬಂದು ಸೇರಿದರು. ವರ್ಷಗಟ್ಟಲೆ ಕುಡಿದು ಒಮ್ಮೆಲೇ ನಿಲ್ಲಿಸಿದವರು. ಮರುದಿನ ಸಂಜೆ ಕೈ ನಡುಗಿ ಚಹಾ ಲೋಟ ಹಿಡಿಯಲಾಗಲಿಲ್ಲ. ಅಂಗಿ ಬೆವರಿಗೆ ಒದ್ದೆ. ಗೋಡೆ ಮೇಲೆ ಇರುವೆ ಸಾಲು ಹೋಗುತ್ತಿದೆ, ಒರೆಸಿ ಎನ್ನುತ್ತಿದ್ದರು. ಗೋಡೆಯಲ್ಲಿ ಏನೂ ಇರಲಿಲ್ಲ. ಉಸ್ತುವಾರಿ ನೋಡುವವರು ನನಗೆ ಹೇಳಿದ್ದು, "ನಾಟಕ ಅದು. ನೀವು ಕೂತು ಕೌನ್ಸೆಲಿಂಗ್ ಕೊಡಿ."

ಜಾಸ್ತಿ ಕುಡಿಯುವವರು ದಿಢೀರನೆ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಡಿಲೀರಿಯಂ ಟ್ರೆಮೆನ್ಸ್, ಅಂದರೆ ನಡುಕ, ಭ್ರಮೆ, ಬುದ್ಧಿ ಕಲಸಿಹೋಗುವ ಸ್ಥಿತಿ ಶುರುವಾಗಬಹುದು, ಜೀವವೇ ಹೋಗಬಹುದು. ಆಗ ಬೇಕಾದ್ದು ಡಾಕ್ಟರ್, ನರ ಶಾಂತವಾಗಿಸುವ ಬೆಂಜೊಡಯಾಜೆಪೀನ್ ಮಾತ್ರೆ, ಥಯಾಮಿನ್ (ವಿಟಮಿನ್ ಬಿ1). ಮಾತುಕತೆ ಅಲ್ಲ. ಆ ಸೆಂಟರ್‌ನಲ್ಲಿ ರಾತ್ರಿ ಡಾಕ್ಟರೂ ಇಲ್ಲ, ನರ್ಸೂ ಇಲ್ಲ. ನಾನು ಅವರ ಹೆಂಡತಿಗೆ ಫೋನ್ ಮಾಡಿ, "ಅಕ್ಕ, ಈಗಲೇ ಜೀಪು ತನ್ನಿ, ಆಸ್ಪತ್ರೆಗೆ ಹೋಗ್ಬೇಕು" ಎಂದೆ. ಅವರ ಜೀವ ಉಳಿಯಿತು. ನನಗೆ ಮಾತ್ರ ಸೆಂಟರ್ ಹೆಸರು ಕೆಡಿಸಿದೆ ಎಂದು ಬೈಗುಳ.

ಕೋರ್ಸ್ ಮುಗಿಸಿದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕಬಹುದು ಎಂದೂ ನಂಬಿಸಿದ್ದರು. ಹಸಿ ಸುಳ್ಳು. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ ರಿಜಿಸ್ಟರ್‌ನಲ್ಲಿ ಹೆಸರಿರಬೇಕು. ಮಾನ್ಯತೆ ಕೇಳಿದರೆ ಟ್ರಸ್ಟ್ ನೋಂದಣಿ ಪತ್ರ ತೋರಿಸುತ್ತಾರೆ. ಟ್ರಸ್ಟ್ ನೋಂದಣಿಗೂ ಕೋರ್ಸ್ ಮಾನ್ಯತೆಗೂ ಏನು ಸಂಬಂಧ? ಸರ್ಟಿಫಿಕೇಟ್ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಬರುತ್ತದೆ ಎಂದು ಕೇಳಿ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪಟ್ಟಿಯಲ್ಲಿ ನೀವೇ ನೋಡಿ. "ಆನ್‌ಲೈನ್‌ನಲ್ಲೇ ಮುಗಿಸಬಹುದು" ಎಂದರೆ ಇನ್ನೂ ಹುಷಾರು. 2025ರ ಜುಲೈ-ಆಗಸ್ಟ್ ಸಾಲಿನಿಂದ ಸೈಕಾಲಜಿಯನ್ನು ಆನ್‌ಲೈನ್ ಅಥವಾ ದೂರ ಶಿಕ್ಷಣದಲ್ಲಿ ಕಲಿಸಬಾರದು ಎಂದು ಯುಜಿಸಿ ಹೇಳಿದೆ. ಪ್ರಾಕ್ಟಿಕಲ್‌ಗೆ ಕಳಿಸುವ ಸೆಂಟರ್ 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿಯಾಗಿದೆಯಾ, ನಿಮ್ಮ ಕೇಸ್‌ಗಳನ್ನು ಕೂತು ನೋಡುವವರು ಯಾರು, ಇದನ್ನೂ ಕೇಳಿ. ಸಾಧ್ಯವಾದರೆ ಒಂದು ರಾತ್ರಿ ಹೊತ್ತು ಅಲ್ಲಿಗೆ ಹೋಗಿ, ಯಾರಿದ್ದಾರೆ ನೋಡಿ ಬನ್ನಿ.

ಬಿಡುತ್ತೇನೆ ಎಂದಾಗ ಒರಿಜಿನಲ್ ಸರ್ಟಿಫಿಕೇಟ್ ಕೊಡಲಿಲ್ಲ. ಕಾಲೇಜುಗಳು ಹಾಗೆ ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಹೇಳಿದೆ. ಆದರೆ ಇವರು ಯುಜಿಸಿ ಲೆಕ್ಕದಲ್ಲೇ ಇಲ್ಲವಲ್ಲ! ವಕೀಲರ ನೋಟಿಸ್ ಹೋದ ಮೇಲೆ ಸರ್ಟಿಫಿಕೇಟ್ ಬಂತು, ಫೀಸ್ ಬರಲಿಲ್ಲ. ದುಡ್ಡು ಕಟ್ಟಿದ ಕೂಡಲೇ ರಸೀದಿ ಓದಿ ನೋಡಿ. ನನ್ನ ರಸೀದಿಯಲ್ಲಿ ಕೋರ್ಸ್ ಹೆಸರೇ ಇಲ್ಲ, "ದೇಣಿಗೆ" ಎಂದಿದೆ. ಗ್ರಾಹಕ ಆಯೋಗಕ್ಕೆ ದೂರು ಬರೆಯುತ್ತಿರುವ ವಕೀಲರು ಈಗ ತಲೆ ಕೆರೆದುಕೊಳ್ಳುತ್ತಿರುವುದು ಆ ಒಂದು ಪದಕ್ಕೆ.