ಅರ ಹಿಡಿದ ಕೈಗೆ ಸೂಜಿ ಕೊಟ್ಟ ಶಿಬಿರ

ಸರ್ಕಾರಿ ಐಟಿಐ ಒಂದರಲ್ಲಿ 17 ವರ್ಷಗಳಿಂದ, ಲೋಹದ ಭಾಗಗಳನ್ನು ಅರದಿಂದ ಉಜ್ಜಿ ಅಳತೆಗೆ ತಂದು ಜೋಡಿಸುವ ಫಿಟ್ಟರ್ ವೃತ್ತಿಯನ್ನು ಕಲಿಸುತ್ತಿರುವ ನಾನು, ಕಳೆದ ಬೇಸಿಗೆಯಲ್ಲಿ ಖಾಸಗಿ ಸಂಸ್ಥೆಯೊಂದು ವೃತ್ತಿ ಶಿಕ್ಷಣದ ಬೋಧಕರಿಗಾಗಿ ನಡೆಸಿದ ಮೂರು ದಿನಗಳ ಶಿಬಿರಕ್ಕೆ ಸ್ವಂತ ಹಣ ಕಟ್ಟಿ ಹೋಗಿದ್ದೆ. ತರಗತಿಯಲ್ಲಿ ಆಸಕ್ತಿ ಮೂಡಿಸುವುದು ಹೇಗೆ ಎಂಬುದು ಶಿಬಿರದ ವಿಷಯ. ಊಟದ ಬಿಡುವಿನ ನಂತರ ಇಪ್ಪತ್ತು ಜನರ ಬ್ಯಾಚಿನಲ್ಲಿ ಆರೇಳು ಮಂದಿ ಮಾಯವಾಗುವುದನ್ನು ವರ್ಷವಿಡೀ ನೋಡಿದವನಿಗೆ ಇಷ್ಟು ಕಾರಣ ಸಾಕಿತ್ತು. ಹೋಗಬೇಕೆಂದಿರುವ ಸಹೋದ್ಯೋಗಿಗಳು ಹಲವರು ವಿಚಾರಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ದಿನ ವ್ಯರ್ಥವಾಯಿತೆಂದು ಹೇಳಲು ನನಗೆ ಸಂಕೋಚವಿಲ್ಲ. ಪರದೆಯ ಮೇಲೆ ಬಂದದ್ದೆಲ್ಲ ಇಂಗ್ಲಿಷಿನಲ್ಲಿತ್ತು. ಅದೂ ಅಮೆರಿಕದ ವೃತ್ತಿ ಕಾಲೇಜುಗಳ ಬೋಧಕರಿಗೆಂದು ಸಿದ್ಧಪಡಿಸಿದ ಸಾಮಗ್ರಿ. ಅಲ್ಲಿನ ಅಂತಹ ಕಾಲೇಜುಗಳಿಗೆ ಸೇರುವವರಲ್ಲಿ ಸಂಸಾರವಂದಿಗರು, ಇರುವ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಹೊರಳುವವರು, ಸಾಲ ಮಾಡಿ ಶುಲ್ಕ ಕಟ್ಟಿದವರು ಬಹಳಷ್ಟಿರುತ್ತಾರೆ. ತಾವೇಕೆ ಬಂದಿದ್ದೇವೆ ಎಂಬುದು ಅವರಿಗೆ ಗೊತ್ತಿರುತ್ತದೆ. ನಮ್ಮಲ್ಲಿಗೆ ಎಸ್ಸೆಸ್ಸೆಲ್ಸಿ ಮುಗಿಸಿ ಬರುವ ಹದಿನಾರರ ಹುಡುಗನಿಗೆ ಎಷ್ಟೋ ಸಲ ಫಿಟ್ಟರ್ ಎಂದರೆ ಏನು ಕೆಲಸ ಎಂಬುದೇ ತಿಳಿದಿರುವುದಿಲ್ಲ; ಪಿಯುಸಿ ಬೇಡವೆಂದು ಮನೆಯಲ್ಲಿ ತೀರ್ಮಾನವಾಗಿರುತ್ತದೆ, ಬಂದಿರುತ್ತಾನೆ. ಶೇ. 80ರಷ್ಟು ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ನಿಯಮ ಅವನನ್ನು ವರ್ಕ್‌ಶಾಪಿನ ಒಳಗೆ ತಂದು ನಿಲ್ಲಿಸುತ್ತದೆಯೇ ಹೊರತು ಕೈಗೆ ಅರ ಹಿಡಿಸುವುದಿಲ್ಲ. ಈ ವ್ಯತ್ಯಾಸವನ್ನು ಭಾಷಣಕಾರರು ಸಂಜೆಯವರೆಗೂ ಗಮನಿಸಲಿಲ್ಲ.

ಎರಡನೆಯ ದಿನ ಬಂದ ತರಬೇತುದಾರರು ಓದಿಕೊಂಡವರು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಅವರು ಚೆನ್ನಾಗಿ ವಿವರಿಸಿದರು: ಒಗಟಿನ ತುಂಡುಗಳನ್ನು ಜೋಡಿಸಿದ್ದಕ್ಕೆ ಹಣ ಪಡೆದ ವಿದ್ಯಾರ್ಥಿಗಳು, ಹಣ ನಿಂತ ಮೇಲೆ ಬಿಡುವಿನ ವೇಳೆಯಲ್ಲಿ ಅದರ ಕಡೆಗೆ ಮೊದಲಿನಷ್ಟು ಕೈಹಾಕಲಿಲ್ಲ. ಇಷ್ಟು ಹೇಳಿಸಿದ ಶಿಬಿರವೇ ಮರುದಿನ ಸರಿಯುತ್ತರ ಕೊಟ್ಟವರಿಗೆ ಚಾಕೊಲೇಟ್ ಹಂಚಿದ್ದು ಬೇರೆ ಮಾತು. ಅಮೆರಿಕದ ವೃತ್ತಿ ಶಿಕ್ಷಣ ತಜ್ಞ ಚಾರ್ಲ್ಸ್ ಅಲೆನ್ ಅವರು 1919ರಷ್ಟು ಹಿಂದೆಯೇ ಹಾಕಿಕೊಟ್ಟ ಸಿದ್ಧತೆ, ನಿರೂಪಣೆ, ಅನ್ವಯ, ಪರೀಕ್ಷೆ ಎಂಬ ನಾಲ್ಕು ಹಂತಗಳು ಬೋಧಕ ತರಬೇತಿ ಪಡೆದ ನಮಗೆ ಹೊಸತಲ್ಲ. ಆದರೆ ನಿಮ್ಮ ಒಂದು ಗಂಟೆಯ ಪಾಠದಲ್ಲಿ ಯಾವ ಹಂತಕ್ಕೆ ಎಷ್ಟು ನಿಮಿಷ ಎಂದು ಬರೆಯಿರಿ ಎಂದಾಗ, ನನ್ನ ನಿರೂಪಣೆಯೊಂದೇ 45 ನಿಮಿಷ ನುಂಗುತ್ತಿರುವುದು ಕಾಗದದ ಮೇಲೆ ಕಂಡು ಮುಜುಗರವಾಯಿತು.

ಕಟ್ಟಿದ ಹಣ ವಸೂಲಾದದ್ದು ಮೂರನೆಯ ದಿನದ ಮಧ್ಯಾಹ್ನ. ಅಂದು ಎಲ್ಲರಿಗೂ ವೃತ್ತಿ ಅದಲುಬದಲು ಮಾಡಿದರು. ಎಲೆಕ್ಟ್ರಿಷಿಯನ್ ಬೋಧಕರಿಗೆ ವೈಸಿಗೆ (ಲೋಹವನ್ನು ಬಿಗಿಹಿಡಿಯುವ ಸಾಧನ) ಕಟ್ಟಿದ ಕಬ್ಬಿಣದ ಪಟ್ಟಿ, ನನಗೆ ಒಂದು ತುಂಡು ಬಟ್ಟೆ ಮತ್ತು ಸೂಜಿದಾರ. ಅಂಚು ಮಡಿಚಿ ಹೆಮ್ಮಿಂಗ್ ಹಾಕಬೇಕು. ಸೂಜಿಗೆ ದಾರ ಪೋಣಿಸುವಷ್ಟರಲ್ಲೇ ಬೆವರು ಬಂತು. ಹತ್ತು ನಿಮಿಷದಲ್ಲಿ ದಾರ ಎರಡು ಸಲ ಗಂಟಾಯಿತು. ಶೌಚಾಲಯಕ್ಕೆಂದು ಎದ್ದು ಹೋಗಿ ಸ್ವಲ್ಪ ಹೊತ್ತು ಹೊರಗೇ ನಿಂತಿದ್ದೆ. ನನ್ನ ಹುಡುಗರು ಏಕೆ ಮಾಯವಾಗುತ್ತಾರೆ ಎಂಬುದು ಅಲ್ಲಿ ನಿಂತಾಗ ಅರ್ಥವಾಯಿತು. ಮರಳಿ ಬಂದು ಕುಳಿತಾಗ, ಹೊಲಿಗೆ ವೃತ್ತಿಯ ಹಿರಿಯ ಬೋಧಕಿಯೊಬ್ಬರು ನನ್ನ ಬಟ್ಟೆಯನ್ನು ತಿರುಗಿಸಿ ನೋಡಿ, ಸೊಟ್ಟಗಿದ್ದ ಸಾಲಿನ ನಡುವೆ ಒಂದು ಕಡೆ ಉಗುರಿಟ್ಟು, "ಸರ್, ಈ ಒಂದು ಹೊಲಿಗೆ ಸರಿಯಾಗಿ ಬಂದಿದೆ ನೋಡಿ. ಮುಂದಿನದನ್ನೂ ಇಷ್ಟೇ ಉದ್ದಕ್ಕೆ ಹಾಕಿ" ಎಂದರು. ಬೇರೇನೂ ಹೇಳಲಿಲ್ಲ. ಆ ಸಾಲು ಮುಗಿಸುವವರೆಗೆ ನಾನು ಎದ್ದೇಳಲಿಲ್ಲ.

ಫೈಲಿಂಗ್, ಎಂದರೆ ಅರದಿಂದ ಉಜ್ಜುವುದನ್ನು, ಕಲಿಯುವವನ ಕೈಯಲ್ಲಿ ಅರ ತೊಟ್ಟಿಲಿನಂತೆ ತೂಗುತ್ತದೆ. ಎರಡೂ ಅಂಚುಗಳು ಹೆಚ್ಚು ಸವೆದು ಉಜ್ಜುತ್ತಿರುವ ಲೋಹದ ತುಂಡಿನ ನಡು ಉಬ್ಬುತ್ತದೆ. ಮೂಲೆಮಟ್ಟ (ಟ್ರೈ ಸ್ಕ್ವೇರ್) ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಅಂಚುಗಳಲ್ಲಿ ಬೆಳಕು ಸೋರುತ್ತದೆ. ಇಷ್ಟು ವರ್ಷ ನಾನು ಬೆಳಕು ಸೋರುವ ಜಾಗವನ್ನಷ್ಟೇ ತೋರಿಸಿ "ಮತ್ತೆ ಉಜ್ಜು" ಎನ್ನುತ್ತಿದ್ದೆ. ಈಗ ಮೊದಲು ಬೆಳಕು ಸೋರದ ಭಾಗವನ್ನು, ಅದು ಒಂದು ಬೆರಳಿನಗಲವೇ ಇರಲಿ, ಸೀಮೆಸುಣ್ಣದಿಂದ ಗುರುತು ಮಾಡಿ ಕೊಡುತ್ತೇನೆ. ಮರುದಿನ ಆ ಗುರುತು ಎಷ್ಟು ಬೆಳೆಯಿತು ಎಂಬುದನ್ನು ಹುಡುಗರು ತಾವಾಗಿಯೇ ಬಂದು ತೋರಿಸುತ್ತಾರೆ. ಊಟದ ನಂತರ ಎಲ್ಲರೂ ಮರಳುತ್ತಾರೆ ಎಂದರೆ ಸುಳ್ಳಾಗುತ್ತದೆ. ಮುಂಜಾನೆ ಮನೆಮನೆಗೆ ಪೇಪರ್ ಹಾಕಿ ಬರುವ ಒಬ್ಬನಿಗೆ ನಿದ್ದೆಯ ಸಮಸ್ಯೆ, ಅದಕ್ಕೆ ಸೀಮೆಸುಣ್ಣದಲ್ಲಿ ಮದ್ದಿಲ್ಲ. ಅವನ ಪ್ರಾಕ್ಟಿಕಲ್ಲನ್ನು ಬೆಳಗಿನ ಪಾಳಿಗೆ ಹಾಕಿಸಿದೆ.

ಶಿಬಿರದ ಜೊತೆಗೆ, ಪ್ರತ್ಯೇಕ ಶುಲ್ಕಕ್ಕೆ, ಎರಡು ತಿಂಗಳ ನಂತರ ಒಬ್ಬರು ನಮ್ಮ ತರಗತಿಗೇ ಬಂದು ಕುಳಿತು ನೋಡುವ ಸೌಲಭ್ಯವೂ ಇದೆ. ಹೆಚ್ಚಿನವರು ಇದನ್ನು ಬೇಡವೆಂದರು, ನಾನು ತೆಗೆದುಕೊಂಡೆ. ಬಂದವರು ಹಿಂದಿನ ಬೆಂಚಿನಲ್ಲಿ ಕುಳಿತು ಒಂದು ಹಾಳೆಯಲ್ಲಿ ಗೀಟು ಹಾಕುತ್ತಿದ್ದರು, ಅಷ್ಟೆ. ಪಾಠ ಮುಗಿದ ಮೇಲೆ ಆ ಹಾಳೆಯನ್ನು ನನ್ನ ಕೈಗಿಟ್ಟರು: ನಾನು ಕೇಳಿದ್ದ 11 ಪ್ರಶ್ನೆಗಳಲ್ಲಿ 9 ಮುಂದಿನ ಸಾಲಿನ ಇಬ್ಬರಿಗೇ ಹೋಗಿದ್ದವು. ಅಂದಿನಿಂದ ಹಾಜರಿ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಹೆಸರುಪಟ್ಟಿ ಇಟ್ಟುಕೊಂಡು, ನಾನು ಯಾರಿಗೆ ಪ್ರಶ್ನೆ ಕೇಳಿದೆನೋ ಅವನ ಹೆಸರಿನ ಮುಂದೆ ಚುಕ್ಕೆ ಇಡುತ್ತಿದ್ದೇನೆ. ಹಿಂದಿನ ಸಾಲಿನವರು ಮೊದಮೊದಲು ತಲೆ ತಗ್ಗಿಸುತ್ತಿದ್ದರು. ಈಗ ತಪ್ಪು ಉತ್ತರವನ್ನಾದರೂ ಹೇಳುತ್ತಾರೆ.

ಕೈಪಿಡಿ ಕನ್ನಡದಲ್ಲಿದೆಯಾದರೂ ಕಚೇರಿಯ ಸುತ್ತೋಲೆಯ ಭಾಷೆಯಲ್ಲಿದೆ. ನಾನು ಅದನ್ನು ಮತ್ತೆ ತೆರೆದಿಲ್ಲ. ಊಟ, ವಸತಿ ಅಚ್ಚುಕಟ್ಟಾಗಿದ್ದವು. ಮೊದಲ ದಿನ ತಪ್ಪಿಸಿದರೆ ಪ್ರಮಾಣಪತ್ರ ಸಿಗುವುದಿಲ್ಲವಂತೆ. ಪ್ರಮಾಣಪತ್ರದ ಅಗತ್ಯವಿಲ್ಲದವರು ಎರಡನೆಯ ದಿನವೇ ಹೋಗಿ, ಉಳಿದ ಹಣವನ್ನು ತರಗತಿ ವೀಕ್ಷಣೆಗೆ ಕೊಡಬಹುದು. ವಾರ್ಷಿಕ ಪರೀಕ್ಷೆಯ ಹೊಸ್ತಿಲಲ್ಲಿ ಮಾತ್ರ ಹೋಗಬೇಡಿ. ಕಲಿತದ್ದನ್ನು ಪರೀಕ್ಷಿಸಿ ನೋಡಲು ಆಗ ತರಗತಿಗಳೇ ಉಳಿದಿರುವುದಿಲ್ಲ. ಹೊಸ ಬ್ಯಾಚ್ ಮೊದಲ ಬಾರಿಗೆ ವೈಸಿನ ಮುಂದೆ ನಿಲ್ಲುವ ಮುನ್ನ ಹೋಗಿ ಬಂದಿರುವುದು ಒಳ್ಳೆಯದು.